ತಂಪು ಹವಾದ ಗುರುಪುತ್ರಪ್ಪನವರು

ಬೆಳಗಾವಿಯ ಅರಿವೆ ಅಂಗಡಿಯ ಗುರುಪುತ್ರಪ್ಪನವರ ಪ್ರಕಾರ ಸೂರ್ಯನ ಅಧಿಕಾರವೇನಿದ್ದರೂ ನೆಲದ ಮೇಲೆ. ನೀರಿನ ಮೇಲೆ ಅವನ ಆಟ ನಡೆಯುವುದಿಲ್ಲ. ಹಾಗಾಗಿ ಮೇ ತಿಂಗಳ ಪ್ರತಿ ರವಿವಾರ, ನಾಯಿಗಳೂ ನೆರಳು ಬಿಟ್ಟು ಕದಲದ ನಡುಮಧ್ಯಾಹ್ನದಲ್ಲಿ, ಕರಿ ಕೋಟು ತೊಟ್ಟು, ಟ್ರಾನ್ಸಿಸ್ಟರ್ ಕೊರಳಿಗೆ ಹಾಕಿಕೊಂಡು, ಖಾನಾಪುರದ ಹೊಳೆಯಲ್ಲಿ ದೋಣಿವಿಹಾರಕ್ಕೆ ಹೊರಡುತ್ತಾರೆ. ಹೆಂಡತಿ ಸಂಗವ್ವ ದಂಡೆಯ ಮಾವಿನ ಮರದಡಿ ಕೂತು, "ತಲಿ ಕಾದು ಹಂಚಾತಂದ್ರ ಬರ್ರಿ, ಅದರ ಮ್ಯಾಲ ರೊಟ್ಟಿ ಸುಡ್ತೀನಿ" ಎಂದು ಬೀಳ್ಕೊಡುತ್ತಾರೆ. ದೋಣಿ ನಡೆಸುವ ಮುದುಕ ಮೀರಾಸಾಬ ಹೋದ ವರ್ಷ ಇದೇ ಬಿಸಿಲಿಗೆ ಹುಟ್ಟು ಹಿಡಿದಲ್ಲೇ ಕುಸಿದು ಬಿದ್ದಿದ್ದ. ಆದರೂ ಅವನ ಮೇಲೆ ಸಾವಕಾರರಿಗೆ ಎಳ್ಳಷ್ಟೂ ದಯೆಯಿಲ್ಲ. "ಯಾಕಪಾ ಮೀರಾಸಾಬ, ಕೈಯಾಗ ಜೀವ ಇಲ್ಲೇನು? ಎಲ್ಲಿ ಐತಿ ನಿನ್ನ ಹೊಳಿ ಹವಾ? ಒಂದ್ ಎಲಿ ಸೈತ ಅಲ್ಲಾಡವಲ್ದು!" ಎಂದು ಆ ದಂಡೆ ಮುಟ್ಟುವ ತನಕ ಬೈಗುಳವೇ ಬೈಗುಳ. ದೋಣಿ ಮರಳಿಗೆ ತಾಗಿದರೆ ಅದು ಮೀರಾಸಾಬನ ತಪ್ಪು. ಬೇಸಿಗೆಯಲ್ಲಿ ಹೊಳೆ ಬತ್ತಿದ್ದೂ ಅವನದೇ ತಪ್ಪು. ಇಷ್ಟೆಲ್ಲ ಒದರಾಡುವಷ್ಟರಲ್ಲಿ ಅವರ ಬೋಳುತಲೆ ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿರುತ್ತದೆ. ಹಾಗಂತ ಅವರ ಹತ್ತಿರ ಛತ್ರಿ ಇಲ್ಲವೆಂದಲ್ಲ. ದೊಡ್ಡದೊಂದು ಕರಿ ಛತ್ರಿಯನ್ನು ಬಿಚ್ಚಿ ಹಿಡಿದೇ ಕೂತಿರುತ್ತಾರೆ. ಆದರೆ ಅದರ ನೆರಳೆಲ್ಲ ಹುಟ್ಟು ಹಾಕುವ ಮೀರಾಸಾಬನ ತಲೆಯ ಮೇಲೆ. ಒಮ್ಮೆ ದೋಣಿಯಲ್ಲಿ ಜೊತೆಗಿದ್ದ ನಾನು, "ಸಾವಕಾರ್ರ, ಛತ್ರಿ ಆ ಕಡೆ ವಾಲೇತಲ್ರೀ" ಎಂದೆ. ಅವರು ನನ್ನನ್ನು ಸುಟ್ಟುಬಿಡುವಂತೆ ನೋಡಿ, "ಗಾಳಿಗೆ ವಾಲೇತ್ರೀ" ಎಂದರು.