ದಾನೇಶ್ವರಿಗೆ ಜ್ವರ ಬರಬಾರದಿತ್ತು

ಗುರುಬಾಯಿ ಮುಂಬಯಿಯ ಕಾಂದಿವಲಿಯಲ್ಲಿ ಪ್ಲಾಸ್ಟಿಕ್ ಕಾರ್ಖಾನೆಯೊಂದರಲ್ಲಿ ಡಬ್ಬಿಗಳಿಗೆ ಮುಚ್ಚಳ ಹಾಕುವ ಕೆಲಸ ಮಾಡುತ್ತಿದ್ದಳು. ಗಂಡ ಯಲ್ಲಾಲಿಂಗ ಅವಳ ಸೋದರಮಾವನ ಮಗ. ಇಬ್ಬರೂ ಇಂಡಿ ತಾಲೂಕಿನವರು. ಅವನದು ಬಿಲ್ಡಿಂಗುಗಳ ಸೆಂಟ್ರಿಂಗ್ ಕೆಲಸ. ಮಗಳು ದಾನೇಶ್ವರಿ ಮೂರು ವರ್ಷ ತುಂಬುವ ತನಕ ಚಾಳಿನ ತುಂಬ ಓಡಾಡಿಕೊಂಡಿದ್ದಳು. ಆಮೇಲೆ ಒಮ್ಮೆ ಎರಡು ದಿನ ಜ್ವರ ಬಂತು. ಜ್ವರ ಇಳಿದ ಮೇಲೆ ಎತ್ತಿ ನಿಲ್ಲಿಸಿದರೆ ಕಾಲು ನಿಲ್ಲಲಿಲ್ಲ.

ಮೂರು ಆಸ್ಪತ್ರೆ ಅಲೆದು, ರಕ್ತದ ರಿಪೋರ್ಟ್ ಬರುವಷ್ಟರಲ್ಲಿ ಐದು ತಿಂಗಳಾಗಿತ್ತು. ಧಾರವಾಡದ ಕಡೆಯ ಡಾಕ್ಟರ್ ಶೈಲಾ ಗಂಡಹೆಂಡತಿಯನ್ನು ಕೂರಿಸಿಕೊಂಡು ಕನ್ನಡದಲ್ಲೇ ತಿಳಿಸಿದರು. ಮೈಯ ಒಂದೊಂದು ಜೀವಕೋಶವೂ ತನಗೆ ಬೇಕಾದ ಪ್ರೋಟೀನನ್ನು ತಾನೇ ಮಾಡಿಕೊಳ್ಳುತ್ತದೆ. ಆ ಕೆಲಸ ಶುರುವಾಗಲು ಒಂದು ಕಿಣ್ವ ಬೇಕು. ಜ್ವರ ಬಂದಾಗ ಕೋಶವೇ ಆ ಕಿಣ್ವವನ್ನು ತಡೆಹಿಡಿಯುತ್ತದೆ, ಕಷ್ಟ ಕಳೆದ ಮೇಲೆ ಬಿಡುತ್ತದೆ. ದಾನೇಶ್ವರಿಯ ಕಿಣ್ವ ಹುಟ್ಟಿನಿಂದಲೇ ದುರ್ಬಲ. ಒಮ್ಮೆ ತಡೆದರೆ ಸರಿಯಾಗಿ ಚೇತರಿಸಿಕೊಳ್ಳದು. ಹಾಗಾಗಿ ಪ್ರತಿ ಜ್ವರಕ್ಕೂ ಮಿದುಳಿನ ಬಿಳಿಯ ಭಾಗ ಸವೆಯುತ್ತದೆ. ದೋಷ ತಂದೆತಾಯಿ ಇಬ್ಬರಿಂದಲೂ ಬಂದದ್ದು. ಔಷಧಿ ಇಲ್ಲ.

“ಜ್ವರ ಬರದಂಗ ನೋಡ್ಕೊಂಡ್ರ?” ಎಂದು ಗುರುಬಾಯಿ ಕೇಳಿದಳು.

“ನಮ್ಮ ಕೈಯಾಗ ಇರೋದು ಅಷ್ಟ ನೋಡವ್ವಾ,” ಎಂದರು ಡಾಕ್ಟರ್.

ಅವಳು ಕೆಲಸ ಬಿಟ್ಟಳು. ನೀರು ಕುದಿಸಿ ಆರಿಸಿಯೇ ಕುಡಿಸಿದಳು. ಯಲ್ಲಾಲಿಂಗ ಸ್ನಾನ ಮಾಡದೆ ಮಗಳನ್ನು ಮುಟ್ಟುವಂತಿರಲಿಲ್ಲ. ಕೆಮ್ಮುವವರನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲವೆಂದು ಪಕ್ಕದ ಖೋಲಿಯ ಗಂಗುಬಾಯಿ ಮಾತು ಬಿಟ್ಟಳು. ದಾನೇಶ್ವರಿ ಬಾಗಿಲಲ್ಲಿ ಕೂತು ಹೊರಗೆ ಆಡುವ ಹುಡುಗಿಯರ ಹೆಸರು ಕೂಗುತ್ತಿದ್ದಳು. ಹೀಗೆ ಹದಿನಾಲ್ಕು ತಿಂಗಳು ಕಳೆದವು. ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುವಷ್ಟಾದಳು.

ಜುಲೈನಲ್ಲಿ ಗುರುಬಾಯಿಗೇ ನೆಗಡಿಯಾಯಿತು. ಮಗಳಿಗೆ ಉಣಿಸಬೇಕು, ತೊಳೆಯಬೇಕು; ಮನೆಯಲ್ಲಿ ಬೇರೆ ಯಾರಿದ್ದರು? ಮೂಗಿಗೆ ಸೆರಗು ಕಟ್ಟಿಕೊಂಡು ಎಲ್ಲ ಮಾಡಿದಳು. ಮೂರನೇ ದಿನ ಮಗಳ ಮೈ ಕಾದಿತು. ಔಷಧಿಗೆ ಜ್ವರವೇನೋ ಇಳಿಯಿತು, ಆದರೆ ದಾನೇಶ್ವರಿ ಕಣ್ಣು ತೆರೆಯಲಿಲ್ಲ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಹಾಗೇ ಇದ್ದು ತೀರಿಕೊಂಡಳು.

ಮನೆಯಲ್ಲಿ ಯಾರಿಗಾದರೂ ನೆಗಡಿ ಇತ್ತೇ ಎಂದು ಡಾಕ್ಟರ್ ಕೇಳಿದಾಗ ಗುರುಬಾಯಿ ಇಲ್ಲ ಎಂದಿದ್ದಳು. ಮಣ್ಣು ಮಾಡಿ ಬಂದ ಸಂಜೆ ಗಂಡನಿಗೆ ಹೇಳಿದಳು: “ನನ್ನಿಂದನ ಬಂತು ಅದು.”

“ಗೊತ್ತೈತಿ,” ಎಂದ ಯಲ್ಲಾಲಿಂಗ. “ನೀ ಮುಟ್ಟದ ಇದ್ರ ಮತ್ಯಾರು ಮುಟ್ಟಬೇಕಿತ್ತು?”

ಅವಳಿಗೆ ಅದರಿಂದ ಸಮಾಧಾನವಾಗಲಿಲ್ಲ. ದೀಪಾವಳಿಗೆ ಮೊದಲೇ ಇಬ್ಬರೂ ಆ ಖೋಲಿ ಬಿಟ್ಟು ಘಾಟ್ಕೋಪರಿಗೆ ಬಂದರು. ಈಗ ಗುರುಬಾಯಿ ಒಂದು ಫ್ಲಾಟುಗಳ ಸೊಸೈಟಿಯಲ್ಲಿ ಮನೆಗೆಲಸ ಮಾಡುತ್ತಾಳೆ. ಚಿಕ್ಕ ಮಕ್ಕಳಿರುವ ಮನೆ ಮಾತ್ರ ಒಪ್ಪಿಕೊಳ್ಳುವುದಿಲ್ಲ.