ನಾಲಗೆಗೆ ಅಂಟಿದ ಇದ್ದಿಲು

ಆ ಕಾಲದಲ್ಲಿ ಬಸ್ಸು ಇದ್ದಿಲು ತಿಂದು ಓಡುತ್ತಿತ್ತು ಎಂದರೆ ಈಗಿನ ಮಕ್ಕಳು ನಗುತ್ತಾರೆ. ಎರಡನೇ ಮಹಾಯುದ್ಧದಿಂದಾಗಿ ಪೆಟ್ರೋಲು ಸಿಗದೆ, ಬಸ್ಸಿನ ಬೆನ್ನಿಗೆ ಹಂಡೆಯಂಥ ಒಲೆ ಕಟ್ಟಿದ್ದರು; ಅದರಲ್ಲಿ ಇದ್ದಿಲು ಉರಿದು ಬರುವ ಗ್ಯಾಸಿನಿಂದ ಇಂಜಿನ್ನು ಓಡುತ್ತಿತ್ತು. ಶಿರಾದಿಂದ ಮಧುಗಿರಿಗೆ ಹೋಗುವ ಬಸ್ಸಿಗೆ ಇದ್ದಿಲು ಸುಟ್ಟುಕೊಡುತ್ತಿದ್ದವರು ನಮ್ಮಪ್ಪ.

ನೆನ್ನೆ ಮೊಮ್ಮಗಳಿಗೆ ಮಗುವಾಯಿತು. ಖುಷಿಗೆ ನಿದ್ದೆಯೇ ಬರಲಿಲ್ಲ. ಮೈಯೆಲ್ಲ ಸೋತಿದ್ದರೂ ಬರೆಯಲು ಕೂತಿದ್ದೇನೆ. ಓದಿದ್ದು ಮೂರನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಳ್ಳಿ.

ಜಾಲಿ ಕೊರಡು ಒಟ್ಟಿ, ಹುಲ್ಲು ಹೊದಿಸಿ, ಹಸಿಮಣ್ಣು ಮೆತ್ತಿ ಬೆಂಕಿಯಿಟ್ಟರೆ ಗೂಡು ಐದು ದಿನ ಒಳಗೊಳಗೇ ಬೇಯುತ್ತಿತ್ತು. ಬಿರುಕಿನಲ್ಲಿ ಗಾಳಿ ನುಗ್ಗಿದರೆ ಎಲ್ಲ ಬೂದಿ. ಆ ಸಲ ಅವ್ವ ತುಂಬಿದ ಬಸುರಿ. ಮಣ್ಣು ಮೆತ್ತುವ ಕೆಲಸ ಎಂಟು ವರ್ಷದ ನನ್ನ ಪಾಲಿಗೆ ಬಂತು. ಹೊಗೆಗೆ ಕಣ್ಣು ಉರಿದು, ತೋಳು ಸೋತುಹೋಗಿತ್ತು. ಗೂಡು ಒಡೆದ ಮೇಲೆ ಬೆಂದದ್ದು, ಬೇಯದ್ದು ಬೇರ್ಪಡಿಸುವುದೂ ನಾನೇ.

"ಮುರಿದು ನಾಲ್ಗೆಗೆ ಮುಟ್ಟಿಸೇ" ಎಂದು ಅಜ್ಜಿ ಕಲಿಸಿದ್ದಳು. "ಬೆಂದಿದ್ರೆ ಎಂಜಲು ಹೀರ್ಕಂಡು ಅಂಟ್ಕಂತದೆ. ಅಂಟ್ದಿದ್ರೆ ಒಳಗಿನ್ನೂ ಸೌದೆ ಕಣೇ."

ಹತ್ತು ತುಂಡು ನೋಡಿದೆ. ಸಾಕಾಯಿತು. ಉಳಿದದ್ದನ್ನು ಹಾಗೇ ಮೂಟೆಗೆ ತುಂಬಿಬಿಟ್ಟೆ.

"ಎಲ್ಲಾ ನೋಡಿದ್ಯೇನೆ?" ಎಂದರು ಅಪ್ಪ.

"ಊಂ."

ಎರಡು ದಿನ ಕಳೆದು ಬೆಳಿಗ್ಗೆ ಅವ್ವನಿಗೆ ನೋವು ಬಂತು. ಮಗು ಅಡ್ಡ ತಿರುಗಿದೆ, ಮಧುಗಿರಿ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಸೂಲಗಿತ್ತಿ ಕೈಚೆಲ್ಲಿದಳು. ಅವ್ವ, ಅಪ್ಪ, ನಾನು ಹತ್ತಿದೆವು; ನಮ್ಮನ್ನೂ ನಮ್ಮ ಇದ್ದಿಲ ಮೂಟೆಗಳನ್ನೂ ಹೊತ್ತ ಬಸ್ಸು ನಮ್ಮೂರು ಬಿಟ್ಟು ಎರಡು ಮೈಲಿ ಹೋಗಿ, ಏರಿನಲ್ಲಿ ಕೆಮ್ಮಿ ನಿಂತಿತು. ಎದುರಿಗೇ ಮಧುಗಿರಿ ಬೆಟ್ಟ.

ಡ್ರೈವರ್ ಸಾಬರು ಒಲೆಯ ಮುಚ್ಚಳ ತೆಗೆದರು. ಕಹಿ ಹೊಗೆ ಭುಗಿಲೆಂದಿತು. "ಅರೆ, ಇದು ಇದ್ದಿಲಲ್ಲ, ಸೌದೆ! ಯಾರು ತುಂಬಿದ್ದು?"

"ನಾನೇ. ನಾನು ನೋಡ್ಲಿಲ್ಲ" ಎಂದೆ.

ಅಪ್ಪ ಕೈ ಎತ್ತಿದರು. ಒಳಗಿಂದ ಅವ್ವ ಚೀರಿದಳು. ಎತ್ತಿದ ಕೈ ಇಳಿಯಿತು.

ರಸ್ತೆಯ ಮೇಲೆ ಮೂಟೆ ಸುರಿದು ಒಂದೊಂದೇ ತುಂಡನ್ನು ನಾಲಗೆಗೆ ಮುಟ್ಟಿಸತೊಡಗಿದೆ. ಬಾಯಿ ಒಣಗಿತು. ಒಣ ನಾಲಗೆಗೆ ಯಾವುದೂ ಅಂಟದು. ಅಷ್ಟರಲ್ಲಿ ಹಣೆತುಂಬ ವಿಭೂತಿಯ ಸ್ವಾಮಿಗಳೊಬ್ಬರು ಬಸ್ಸಿನಿಂದಿಳಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ಬೆಂಕಿ ಕಂಡಿದ್ದಕ್ಕೆ ಎಂಥಾ ಮೈಲಿಗೆ? ಇಲ್ಕೊಡು ಮಗ."

ಅವರು ನಾಲಗೆ ಚಾಚಿದ್ದೇ ತಡ, ಮಿಕ್ಕವರೂ ಇಳಿದರು. ಅಪ್ಪನನ್ನೂ ನನ್ನನ್ನೂ ಸೇರಿಸಿ ಹದಿನೈದು ಜನ.

"ಸ್ವಾಮ್ಯೋರೆ, ತಿನ್ಬ್ಯಾಡಿ, ನಮ್ಮ ಬಸ್ಸಿಗೂ ಒಸಿ ಬುಡಿ!" ಎಂದರು ಸಾಬರು.

ಅಂಟಿದ್ದನ್ನೆಲ್ಲ ಒಲೆಗೆ ಸುರಿದು, ಗಾಳಿ ಊದುವ ತಿದಿಯ ಹಿಡಿ ತಿರುಗಿಸಿದರು. ಬಸ್ಸು ಗುರುಗುಟ್ಟಿತು. ಹತ್ತಿ ಕೂತ ಎಲ್ಲರ ಕರಿ ಬಾಯಿ ನೋಡಿ, ಅಷ್ಟು ನೋವಿನಲ್ಲೂ ಅವ್ವ ಫಕ್ಕನೆ ನಕ್ಕಳು.

ಮಧ್ಯಾಹ್ನಕ್ಕೆ ತಮ್ಮ ಹುಟ್ಟಿದ, ಅವ್ವನೂ ಉಳಿದಳು. ಆಸ್ಪತ್ರೆಯ ಕಟ್ಟೆಯ ಮೇಲೆ ನಾನು ಸತ್ತವಳಂತೆ ಮಲಗಿಬಿಟ್ಟೆ.

ನೆನ್ನೆ ಮೊಮ್ಮಗಳನ್ನು ಕರೆದೊಯ್ದ ಕಾರು ಎಲ್ಲೂ ನಿಲ್ಲಲಿಲ್ಲ. ತಾಯಿ ಮಗು ಚೆನ್ನಾಗಿದ್ದಾರೆ, ನನಗಿನ್ನೇನು ಬೇಕು? ಈ ಸುದ್ದಿ ಹೇಳೋಣವೆಂದರೆ ತಮ್ಮ ಇಲ್ಲ, ಸಾಬರಿಲ್ಲ, ಹೆಸರೂ ಕೇಳದೆ ಹೋದ ಆ ಸ್ವಾಮಿಗಳೂ ಇಲ್ಲ. ಅಂದು ಕಪ್ಪಾದ ಹದಿನೈದು ನಾಲಗೆಗಳಲ್ಲಿ ಉಳಿದಿರುವುದು ನನ್ನದೊಂದೇ.