ಸಾಹೇಬರಿಗೆ ಮೆಣಸು ಬೇಡ

ಸಾರಿಗೆ ಕಾಳುಮೆಣಸು ಕುಟ್ಟುತ್ತಿದ್ದೆ. ಡ್ರಾಯರ್ ಒರೆಸುತ್ತಿದ್ದ ಹೆಂಡತಿ ಹಳದಿಗಟ್ಟಿದ ಕಾಗದವೊಂದನ್ನು ತಂದು, "ಇದು ಯಾರದ್ದು ಮಾರಾಯ್ರೆ?" ಎಂದಳು. ಈಗಿನ ಜರ್ಮನರಿಗೂ ಓದಲು ಬಾರದ ಹಳೆಯ ಕಾಲದ ಜರ್ಮನ್ ಅಕ್ಷರ. ಒಬ್ಬ ಮುದುಕಿ ಕೊಟ್ಟದ್ದು, ಏನು ಬರೆದಿದೆಯೋ ಗೊತ್ತಿಲ್ಲ ಎಂದೆ. ಅವಳು ನೋಡಿದ ನೋಟವಿದೆಯಲ್ಲ, ಅದಕ್ಕೇ ನಿಮಗೆ ಈ ಕಥೆ ಹೇಳುತ್ತಿದ್ದೇನೆ.

ಗ್ರೀನ್ ಕಾರ್ಡ್ ಕೊಟ್ಟು ಜರ್ಮನಿ ನಮ್ಮಂಥ ಕಂಪ್ಯೂಟರ್ ಕೆಲಸದವರನ್ನು ಕರೆಸಿಕೊಂಡ ಕಾಲ. ನನ್ನ ಜಾವಾ ಇಲ್ಲದೆ ಈ ದೇಶ ನಡೆಯದೆಂದು ಬೀಗುತ್ತಿದ್ದೆ. ಹ್ಯಾಂಬರ್ಗಿನಲ್ಲಿ ಕೋಣೆ ಕೊಟ್ಟವರು ಎಂಬತ್ತು ದಾಟಿದ ಮುದುಕಿ, ಫ್ರಾವ್ ಕ್ಲಾಸೆನ್. ನಾನು ಮಂಗಳೂರಿನವನೆಂದು ತಿಳಿದ ದಿನ ತಮ್ಮ ಅಪ್ಪನ ದಿನಚರಿ ತಂದಿಟ್ಟರು. ಕೆಂಪು ಮೀಸೆಯ ಆ ಅಪ್ಪ ಹಳೆಯ ಕಾಲದ ಸರಕು ಹಡಗಿನ ಅಧಿಕಾರಿ, ಮಂಗಳೂರಿನಿಂದ ಕಾಫಿ ಹೇರಿಕೊಂಡು ಬರುತ್ತಿದ್ದವರು. ಅವರೇ ಓದಿ ಹೇಳಿದಂತೆ ಪುಟಪುಟದಲ್ಲೂ ಎರಡೇ ವಿಷಯ: ಸಮುದ್ರದ ಸ್ಥಿತಿ, ತನ್ನ ಹೊಟ್ಟೆಯ ಸ್ಥಿತಿ. ಎರಡೂ ಸಾಮಾನ್ಯವಾಗಿ ಕೆಟ್ಟಿರುತ್ತಿದ್ದವು.

ನಡುವೆ ಎಣ್ಣೆ ಕುಡಿದ ಒಂದು ಕನ್ನಡದ ಹಾಳೆ. ಹಡಗಿನ ಅಡುಗೆಕೋಣೆಯ ಗೋಡೆಯ ಮೇಲಿತ್ತು, ಅಕ್ಷರ ಚಂದ ಕಂಡಿತು, ಕಿತ್ತು ತಂದೆ, ಏನು ಬರೆದಿದೆಯೋ ಗೊತ್ತಿಲ್ಲ ಎಂದು ಅಪ್ಪ ಆಣೆ ಮಾಡಿದ್ದರಂತೆ. ಯಾವ ಹೆಂಡತಿ ನಂಬುತ್ತಾಳೆ? ಮಂಗಳೂರಿನವಳ ಪ್ರೇಮಪತ್ರವೇ ಸರಿ ಎಂದು ಅಮ್ಮ ಸಾಯುವವರೆಗೂ ಗಂಡನೊಡನೆ ಒಂದೇ ಮೇಜಿನಲ್ಲಿ ಊಟ ಮಾಡಲಿಲ್ಲ.

"ಇದ್ದದ್ದು ಇದ್ದ ಹಾಗೆ ಓದು. ನನಗೂ ವಯಸ್ಸಾಯಿತು," ಎಂದರು ಫ್ರಾವ್ ಕ್ಲಾಸೆನ್.

ನಮ್ಮ ಕಡೆ ಅಡುಗೆಯವರು ಕೆಲಸ ಬಿಡುವಾಗ ಮುಂದೆ ಬರುವವನಿಗೆ ಮನೆಯವರ ನಾಲಿಗೆಯ ಗುಟ್ಟು ಹೇಳಿ ಹೋಗುತ್ತಾರೆ. ಹಾಳೆ ಬರೆದ ಈ ಪುಣ್ಯಾತ್ಮ ಹಡಗಿನಲ್ಲೂ ಆ ಪದ್ಧತಿ ಬಿಟ್ಟಿರಲಿಲ್ಲ: "ಮುಂದೆ ಬರುವ ಅಡುಗೆಯವರಿಗೆ ನಮಸ್ಕಾರ. ಕೆಂಪು ಮೀಸೆಯ ಸಾಹೇಬರಿಗೆ ಮೆಣಸು ಬೇಡ. ಆಸೆಪಟ್ಟು ಎರಡು ಸಲ ಬಡಿಸಿಕೊಳ್ಳುತ್ತಾರೆ. ಆಮೇಲೆ ಮೂರು ದಿನ ಕಕ್ಕಸು ಬೇರೆ ಯಾರಿಗೂ ಸಿಗುವುದಿಲ್ಲ."

ಫ್ರಾವ್ ಕ್ಲಾಸೆನ್ ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಹಾಳೆ ಮಡಚುತ್ತಾ ಕೇಳಿದರು, "ಅಮ್ಮನಿಗೆ ಯಾರು ಹೇಳುವುದು?"

ಭಾನುವಾರ ಅಮ್ಮನ ಸಮಾಧಿಗೆ ಕರೆದೊಯ್ದರು. ಅನುವಾದವನ್ನಷ್ಟೇ ಕೇಳಿ ಒಪ್ಪುವವಳಲ್ಲ, ಮೊದಲು ಕನ್ನಡದಲ್ಲಿ ಓದು ಎಂದರು. ಟೈ ಸರಿಮಾಡಿಕೊಂಡು, ಕಕ್ಕಸನ್ನೂ ಬಿಡದೆ, ಗಟ್ಟಿಯಾಗಿ ಓದಿದೆ. ಪಕ್ಕದಲ್ಲಿ ಹೂವಿಗೆ ನೀರು ಹಾಕುತ್ತಿದ್ದ ಒಬ್ಬರು ಮಂತ್ರವೆಂದುಕೊಂಡು ಟೊಪ್ಪಿ ತೆಗೆದು ತಲೆಬಾಗಿದರು. ನಗು ತಡೆಯಲು ತುಟಿ ಕಚ್ಚಿ ಫ್ರಾವ್ ಕ್ಲಾಸೆನ್ ಕಡೆ ತಿರುಗಿದರೆ ಅವರು ಅಳುತ್ತಿದ್ದರು. ನನಗೂ ಅಳು ಬಂತು.

ಆ ಕೋಣೆ ಬಿಟ್ಟ ದಿನ ಅವರು ಬರೆದುಕೊಟ್ಟದ್ದೇ ಈ ಕಾಗದ. ಇಷ್ಟು ವರ್ಷ ಸೋಮಾರಿತನದಿಂದ ಯಾರಲ್ಲೂ ಓದಿಸಿರಲಿಲ್ಲ. ಮೇಲಿನ ಮಹಡಿಯ ತೊಂಬತ್ತು ದಾಟಿದ ಜರ್ಮನ್ ಅಜ್ಜನಿಗೆ ಆ ಅಕ್ಷರ ಬರುತ್ತದಂತೆ. ಸಾರು ಕುದಿಯುವುದರೊಳಗೆ ಹೆಂಡತಿಯನ್ನೂ ಕರೆದುಕೊಂಡು ಮೆಟ್ಟಿಲು ಹತ್ತುತ್ತಿದ್ದೇನೆ. ನನಗೆ ಇವತ್ತು ಅವಳ ಜೊತೆ ಒಂದೇ ಮೇಜಿನಲ್ಲಿ ಉಣ್ಣಬೇಕು.